ಅಕ್ಕನ ಮಾತ್ರೆ, ತಮ್ಮನ ಸೈಡ್ ಎಫೆಕ್ಟು

ನಮ್ಮಕ್ಕನ ಕನಸಿನಲ್ಲಿ ನಾನು ಮಾಡಿದ ತಪ್ಪುಗಳಿಗೆ ಇದುವರೆಗೆ ಮೂರು ಸಲ ಕ್ಷಮೆ ಕೇಳಿದ್ದೇನೆ. ಕನಸಿನಲ್ಲಲ್ಲ ಸ್ವಾಮಿ, ಎಚ್ಚರದಲ್ಲಿ! ಹಗಲು ಹನ್ನೊಂದು ಗಂಟೆಗೆ ಅಂಗಡಿ ಶಟರ್ ಎಳೆದು, ಕೋಲಾರದಿಂದ ಸುಗಟೂರಿಗೆ ಬಸ್ಸು ಹತ್ತಿ ಹೋಗಿ, ಅವಳ ಬಾಗಿಲಲ್ಲಿ ಕಾಲು ತೊಳೆದುಕೊಂಡು, ಕೈ ಕಟ್ಟಿ ನಿಂತು, "ತಪ್ಪಾಯ್ತಕ್ಕಾ, ಇನ್ಮೇಲೆ ನಿನ್ನ ಕನಸಿಗೆ ಬಂದಾಗ ನೆಟ್ಟಗೆ ನಡ್ಕೊತೀನಿ" ಅಂದಿದ್ದೇನೆ. ನಿಮಗೆ ಇಂಥ ಅಕ್ಕ ಇದ್ದಾಳಾ? ಇಲ್ಲ ತಾನೆ? ಹಾಗಾದರೆ ನೀವು ಪುಣ್ಯವಂತರು, ಆರಾಮಾಗಿ ಕೂತು ಓದಿ. ನನಗೆ ಮಾತ್ರ ಇದನ್ನ ಇವತ್ತು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಊಟ ಸೇರುವುದಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದರಲ್ಲಿ ನನಗೆ ನಾಚಿಕೆ ಏನಿಲ್ಲ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕಸುಬು. ಸಾವಿರ ಅಡಿ ಕೆಳಗೆ ಕೂತು ಹಟ ಮಾಡಿದ ಮೋಟರು ನನ್ನ ಮೇಜಿನ ಮೇಲೆ ಬಂದರೆ ಮಗುವಿನ ಹಾಗೆ ಮಾತು ಕೇಳುತ್ತೆ. ಇಂಜಿನಿಯರಿಂಗ್ ಓದಿದವರೇ ನನ್ನ ಹತ್ತಿರ ಬಂದು "ಏನಾಗಿದೆ ಸ್ವಲ್ಪ ನೋಡಿ" ಅಂತಾರೆ. ಬೀಡಿ ಸೇದಿಲ್ಲ, ಬ್ರಾಂದಿ ಮುಟ್ಟಿಲ್ಲ, ದುಡಿದು ತಿಂದಿದ್ದೇನೆ. ಇಂಥವನನ್ನು ಒಂದು ಸಾಸಿವೆ ಕಾಳಿನಷ್ಟು ಔಷಧಿ ಬೀದಿಗೆ ತಂದು ನಿಲ್ಲಿಸಿತು ಅಂದರೆ ನಂಬುತ್ತೀರಾ? ಅದೂ ನಾನು ನುಂಗುವ ಔಷಧಿಯಲ್ಲ, ನಮ್ಮಕ್ಕ ನುಂಗುವುದು!

ನಮ್ಮಕ್ಕ ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಹುಳುಮನೆ ಅಂದರೆ ಏನಂತ ನೋಡಿದವರಿಗೆ ಗೊತ್ತು. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದದೆ ಒಳಗೆ ಹೋಗುವ ಹಾಗಿಲ್ಲ. ಸೆಂಟು ಹಾಕಿಕೊಂಡು ಬರಬಾರದು. ಊದುಬತ್ತಿ ಹಚ್ಚಬಾರದು. ಎಲ್ಲ ರೇಷ್ಮೆಯವರೂ ಇಷ್ಟು ಮಾಡುತ್ತಾರೆ, ಸರಿ. ನಮ್ಮಕ್ಕ ಇನ್ನೂ ನಾಲ್ಕು ಹೆಜ್ಜೆ ಮುಂದೆ. ಹುಳುಮನೆಯ ಹತ್ತಿರ ಜೋರಾಗಿ ಸೀನಬಾರದು. ಹುಳುಗಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತಿಗೆ, ಅದಕ್ಕೆ ಇವರು ಜ್ವರ ಅಂತಾರೆ, ಮನೆಯಲ್ಲಿ ಯಾರೂ ಜಗಳ ಆಡಬಾರದು. ನಮ್ಮ ಭಾವ ಮದುವೆಗೆ ಮುಂಚೆ ಚೆನ್ನಾಗಿ ಮಾತಾಡುತ್ತಿದ್ದರಂತೆ. ಈಗ "ಹೂಂ" ಅನ್ನುತ್ತಾರೆ, ಅದೂ ಹುಳುಗಳಿಗೆ ತೊಂದರೆ ಆಗದ ಹಾಗೆ.

ಇಂಥ ಗಟ್ಟಿಗಿತ್ತಿಗೆ ಎಂಟು ವರ್ಷದ ಹಿಂದೆ ಮೈನೋವು ಶುರುವಾಯಿತು. ಎಲ್ಲಿ ಅಂದರೆ ಎಲ್ಲೆಲ್ಲೂ! ಮೊದಲು ಭುಜ, ಆಮೇಲೆ ಬೆನ್ನು, ತೊಡೆ, ಕೊನೆಗೆ ಅಂಗೈ. ಬಳೆ ತಾಗಿದರೆ ಉರಿ, ಸೀರೆ ಅಂಚು ಉಜ್ಜಿದರೆ ಉರಿ. ಯಾರೂ ಮುಟ್ಟುವ ಹಾಗಿಲ್ಲ, ಅವಳೂ ಯಾರನ್ನೂ ಮುಟ್ಟುವ ಹಾಗಿಲ್ಲ. ಸೊಪ್ಪು ಹಾಕುವ ಕೆಲಸ ಭಾವನ ಕೈಗೆ ಬಂತು, ಅಕ್ಕ ಸ್ಟೂಲಿನ ಮೇಲೆ ಕೂತು ಬರೀ ಬಾಯಿಮಾತಲ್ಲೇ ಹುಳು ಸಾಕತೊಡಗಿದಳು. ಮಗಳ ಮದುವೆಯಲ್ಲಿ ಆ ಹುಡುಗಿ ಗಂಡನ ಮನೆಗೆ ಹೊರಡುವಾಗ ಅಪ್ಪಿಕೊಂಡು ಅಳೋಕೆ ಬಂದರೆ, ಈಕೆ ಎರಡು ಹೆಜ್ಜೆ ಹಿಂದೆ ಸರಿದು, "ಅಲ್ಲೇ ನಿಂತ್ಕೊಂಡು ಅಳೇ, ನಂಗೆ ಕಾಣುತ್ತೆ" ಅಂದಳು. ಛತ್ರದಲ್ಲಿ ಅರ್ಧ ಜನ ನಕ್ಕರು. ನಾನು ನಗಲಿಲ್ಲ.

ಎಷ್ಟು ಡಾಕ್ಟರು, ಎಷ್ಟು ಸ್ಕ್ಯಾನು! ಎಲ್ಲಾ ರಿಪೋರ್ಟೂ ನಾರ್ಮಲ್. ರಿಪೋರ್ಟು ನಾರ್ಮಲ್ ಬಂದ ತಕ್ಷಣ ನೆಂಟರೆಲ್ಲ ಡಾಕ್ಟರಾದರು. "ಅದೆಲ್ಲ ಮನಸ್ಸಿನ ಭ್ರಮೆ ಕಣಮ್ಮ" ಅಂತ ಒಬ್ಬರು. "ಕೆಲಸ ತಪ್ಪಿಸ್ಕೊಳ್ಳೋಕೆ" ಅಂತ ಇನ್ನೊಬ್ಬರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅಲ್ಲ, ಮೀಟರು ಇಟ್ಟು ನೋಡಿದಾಗ ಎಲ್ಲ ಸರಿ ಇದ್ದು, ನೀರಿಗೆ ಇಳಿಸಿದ ತಕ್ಷಣ ನರಳುವ ಮೋಟರು ಎಷ್ಟು ನೋಡಿಲ್ಲ ನಾನು! ಮೀಟರಿಗೆ ಕಾಣಲಿಲ್ಲ ಅಂದರೆ ಮೋಟರು ನಾಟಕ ಆಡ್ತಿದೆ ಅಂತ ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನಾ?

ಕೊನೆಗೆ ಕೋಲಾರದಲ್ಲೇ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಿಕ್ಕರು. ಅಕ್ಕನ ಮಾತನ್ನು ಮುಕ್ಕಾಲು ಗಂಟೆ ಕೇಳಿದರು. ಅದೇ ಒಂದು ದಾಖಲೆ. ಆಮೇಲೆ ಹೇಳಿದರು: "ಇದು ನಾಲ್ಟ್ರೆಕ್ಸೋನ್ ಅಂತ ಮಾತ್ರೆ. ದೊಡ್ಡ ಡೋಸಿನಲ್ಲಿ ಕುಡಿತ, ಅಫೀಮು ಬಿಡೋರಿಗೆ ಕೊಡ್ತೀವಿ. ನಿಮಗೆ ಬೇಕಾಗಿರೋದು ತೀರಾ ಚಿಕ್ಕ ಡೋಸು. ನಮ್ಮ ಮೈಯೇ ನೋವಿಗೆ ಅಂತ ಒಂದು ಔಷಧಿ ಮಾಡಿಕೊಳ್ಳುತ್ತೆ. ಈ ಮಾತ್ರೆ ಅದು ಒಳಗೆ ಹೋಗೋ ಬಾಗಿಲನ್ನ ಕೆಲವು ಗಂಟೆ ಮುಚ್ಚುತ್ತೆ. ಮೈ ಗಾಬರಿಯಾಗಿ ಇನ್ನೂ ಜಾಸ್ತಿ ಮಾಡಿಕೊಳ್ಳುತ್ತೆ. ಹಾಗಂತ ನಾವು ಅಂದ್ಕೊಂಡಿದ್ದೀವಿ."

ನನಗೆ ತಟ್ಟನೆ ಅರ್ಥವಾಯಿತು. ನಾಳೆ ನಲ್ಲಿ ಬರಲ್ಲ ಅಂತ ಒಂದು ಸುದ್ದಿ ಹಬ್ಬಿಸಿ ನೋಡಿ, ಕೋಲಾರದ ಮನೆಮನೆಯಲ್ಲೂ ಬಿಂದಿಗೆ, ಬಕೆಟ್ಟು, ಚೊಂಬು, ಕೊನೆಗೆ ಪ್ರೆಷರ್ ಕುಕ್ಕರೂ ತುಂಬಿ ಕೂತಿರುತ್ತೆ! ಅದೇ ಉಪಾಯ. ಆದರೆ "ಅಂದ್ಕೊಂಡಿದ್ದೀವಿ" ಅನ್ನುವ ಮಾತು ನನಗೆ ಹಿಡಿಸಲಿಲ್ಲ.

"ಅಂದ್ರೆ ವಾಸಿ ಆಗುತ್ತೋ ಇಲ್ವೋ?" ಅಂದೆ.

"ಕೆಲವರಿಗೆ ಆಗುತ್ತೆ, ಕೆಲವರಿಗೆ ಇಲ್ಲ. ಮೂರು ತಿಂಗಳು ನೋಡೋಣ. ಏನೂ ಪ್ರಯೋಜನ ಇಲ್ಲ ಅಂದ್ರೆ ನಿಲ್ಲಿಸಿಬಿಡೋಣ."

ಮೋಟರು ರಿಪೇರಿ ಮಾಡಿಕೊಟ್ಟು, "ನಿಮ್ಮ ಬೋರಿನಲ್ಲಿ ಓಡಬಹುದು, ಓಡದೆಯೂ ಇರಬಹುದು" ಅಂದರೆ ರೈತ ಸುಮ್ಮನೆ ಬಿಡುತ್ತಾನಾ? ಅದೇ ಮೋಟರನ್ನು ನನ್ನ ತಲೆ ಮೇಲೆ ಇಳಿಸುತ್ತಾನೆ! ಆದರೆ ನಮ್ಮಕ್ಕನಿಗೆ ಆ ಡಾಕ್ಟರಮ್ಮ ಭಾರೀ ಇಷ್ಟವಾದರು. ಯಾಕೆ ಅಂದರೆ ಅವರು ಒಂದು ಹಾಳೆ ತುಂಬ ಮುನ್ನೆಚ್ಚರಿಕೆ ಬರೆದುಕೊಟ್ಟಿದ್ದರು. ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ ಇದರ ಜೊತೆ ಕೂಡದು. ಕೆಲವು ಕೆಮ್ಮಿನ ಸಿರಪ್ಪೂ ಕೂಡದು. ಹಲ್ಲು ಕೀಳಿಸುವುದಾಗಲಿ, ಆಪರೇಷನ್ ಆಗಲಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ಮಾತ್ರೆಯ ವಿಷಯ ಹೇಳಬೇಕು. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬಾರದು. ಲಿವರ್ ಪರೀಕ್ಷೆ ಮಾಡಿಸಬೇಕು. ಇನ್ನೊಬ್ಬರಿಗೆ ಕೊಡಬಾರದು. ಶುರುವಿನಲ್ಲಿ ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು, ವಿಪರೀತ ಕನಸು ಬೀಳುವುದು ಉಂಟು. ಹುಳುಮನೆಗೆ ತಾನೇ ನಿಯಮ ಮಾಡಿ ಮಾಡಿ ಸುಸ್ತಾಗಿದ್ದವಳಿಗೆ ಯಾರೋ ರೆಡಿಮೇಡ್ ನಿಯಮ ಕೊಟ್ಟ ಹಾಗಾಯಿತು. ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡು ಹೊರಗೆ ಬಂದಳು, ಮುಖದಲ್ಲಿ ಹೊಸ ಸೀರೆ ಸಿಕ್ಕಿದ ಸಂತೋಷ.

ಮಾತ್ರೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಂದ ನನ್ನ ಮರ್ಯಾದೆ ಇಳಿಜಾರು ಹಿಡಿಯಿತು ನೋಡಿ.

ಸಂಜೆ ಹೊತ್ತು, ಮೆಡಿಕಲ್ ಸ್ಟೋರ್ ತುಂಬ ಜನ. ಚೀಟಿ ಕೊಟ್ಟೆ. ಕೌಂಟರಿನ ಹುಡುಗನೋ, ಧ್ವನಿವರ್ಧಕವೇ ನುಂಗಿದ್ದ! "ಸಾರ್, ಇದು ಐವತ್ತು ಮಿಲಿಗ್ರಾಮಿಂದು ಮಾತ್ರ ಇರೋದು. ಕುಡಿತ ಬಿಡೋಕೆ ತಾನೆ? ಒಂದೂವರೆ ಅಂತ ಬರೆದಿದ್ದಾರಲ್ಲ, ಒಂದೂವರೆಯಲ್ಲಿ ಇರುವೆ ಕೂಡ ಕುಡಿತ ಬಿಡಲ್ಲ ಸಾರ್!" ಅಂದ. ಅಂಗಡಿಯೆಲ್ಲ ತಿರುಗಿ ನೋಡಿತು. ಹಾಗೆ ತಿರುಗಿದವರಲ್ಲಿ ನನ್ನ ಹೆಂಡತಿಯ ತವರು ಮುಳಬಾಗಿಲಿನ ನೆಂಟರೊಬ್ಬರು ಇದ್ದರು. "ಅಯ್ಯೋ, ನನಗಲ್ಲ, ನಮ್ಮಕ್ಕನಿಗೆ" ಅಂದೆ. ಅದು ಇನ್ನೂ ಕೆಟ್ಟದಾಯಿತು. ಈಗ ಕುಡಿಯುವುದು ತಮ್ಮ, ಹೆಸರು ಹಾಕುವುದು ಅಕ್ಕನ ಮೇಲೆ ಅಂತಾಯಿತು!

ಕೋಲಾರದಿಂದ ಮುಳಬಾಗಿಲಿಗೆ ಬಸ್ಸು ಹೋಗೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಸುದ್ದಿಗೆ ಹತ್ತು ನಿಮಿಷ ಸಾಕಾಯಿತು. ಮಾವನವರ ಫೋನು ಬಂತು. ನಮ್ಮ ಮಾವ ಕನ್ನಡ ಸೊಗಸಾಗಿ ಮಾತಾಡುತ್ತಾರೆ, ದುಃಖ ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಾರೆ. "ಎಪ್ಪಟಿನುಂಚಿ ಅಳಿಯಂದ್ರೆ?" ಅಂದರು. ಎಂದಿನಿಂದ ಅಂತ!

"ಏನು ಮಾವ ಎಂದಿನಿಂದ?"

"ನೀವು ಮುಚ್ಚಿಡಬೇಡಿ. ಬಿಡಬೇಕು ಅಂತ ಮನಸ್ಸು ಮಾಡಿದ್ದೀರಲ್ಲ, ಅದೇ ದೊಡ್ಡದು" ಅಂತ ಬಿಕ್ಕಿದರು.

ಕುಡಿಯದೇ ಇದ್ದವನು ಬಿಟ್ಟೆ ಅಂತ ಹೇಗೆ ಹೇಳಲಿ? ನನ್ನ ಹೆಂಡತಿಗೆ ವಿಷಯ ಪೂರ್ತಿ ಗೊತ್ತಿತ್ತು. ಆದರೂ ಒಂದು ತಿಂಗಳು ನಾನು ಮನೆಗೆ ಬಂದ ತಕ್ಷಣ ಏನೋ ನೆಪದಲ್ಲಿ ಹತ್ತಿರ ಬಂದು ಬಾಯಿ ಮೂಸುತ್ತಿದ್ದಳು. "ಸುಮ್ನೆ ರೀ, ಹೊರಗಡೆ ಯಾರಾದ್ರೂ ಕೇಳಿದ್ರೆ ನಾನೇ ನೋಡಿದ್ದೀನಿ ಅಂತ ಹೇಳ್ಬೋದಲ್ಲ" ಅನ್ನುತ್ತಿದ್ದಳು. ನನ್ನ ಪಕ್ಕದ ಲೇತ್ ಅಂಗಡಿಯ ಭಾಯ್, ಇಪ್ಪತ್ತು ವರ್ಷದ ಸ್ನೇಹಿತ, ಒಂದು ದಿನ ಟೀ ತರಿಸಿ ಮೆಲ್ಲಗೆ ಹೇಳಿದ: "ಉಸ್ತಾದ್, ಯಾಕ್ ಕುಡಿದ್ರಿ ಅಂತ ನಾನು ಕೇಳಲ್ಲ. ಒಬ್ಬರೇ ಯಾಕೆ ಕಷ್ಟ ಪಡ್ತೀರಿ, ನಂಗೆ ಹೇಳ್ಬಾರ್ದಾ?" ಅಷ್ಟು ಪ್ರೀತಿಯಿಂದ ಕೇಳಿದಾಗ ಇಲ್ಲ ಅನ್ನೋಕೂ ಬೇಜಾರಾಯಿತು!

ಅಕ್ಕನಿಗೆ ಹೋಗಿ ದೂರು ಹೇಳಿದೆ. "ಊರೆಲ್ಲ ನನ್ನ ಕುಡುಕ ಅಂತಿದೆ ಕಣಕ್ಕಾ!"

"ಅನ್ಲಿ ಬಿಡು. ಕುಡಿತ ಬಿಟ್ಟ ಅಂತ ಒಳ್ಳೆ ಹೆಸರೂ ಬರುತ್ತೆ. ಮಾತ್ರೆ ಎಲ್ಲಿ?"

ಮಾತ್ರೆ! ಒಂದೂವರೆಯದ್ದು ಸಿಗದೆ ಐವತ್ತರದ್ದೇ ಒಂದು ಶೀಟು ತಂದಿದ್ದೆ. ನನ್ನ ಕೈಮೇಲೆ ನನಗೆ ನಂಬಿಕೆ. ಕೂದಲಿನಷ್ಟು ಸಣ್ಣ ತಂತಿಯ ದಪ್ಪ ಅಳೆಯುವವನಿಗೆ ಮಾತ್ರೆ ತುಂಡು ಮಾಡೋದು ಏನು ಮಹಾ? ಆಕ್ಸಾ ಬ್ಲೇಡು, ಚಿಮಟ, ಮೈಕ್ರೋಮೀಟರು ಇಟ್ಟುಕೊಂಡು ಅರ್ಧ ದಿನ ಕೂತು ಒಂದು ಮಾತ್ರೆಯನ್ನು ಮೂವತ್ತಮೂರು ಚೂರು ಮಾಡಿದ್ದೆ. ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದೆ. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಇದೇನೋ ಇದು, ಗೋಡೆ ಸುಣ್ಣ ಕೆರ್ಕೊಂಡು ಬಂದಿದ್ದೀಯಾ?"

"ಒಂದೊಂದು ಚೂರೂ ಒಂದೇ ಅಳತೆ, ಬೇಕಾದ್ರೆ ಅಳೆದು ನೋಡು."

"ಚೂರಿನ ಅಳತೆ ಒಂದೇ. ಅದರೊಳಗಿನ ಔಷಧಿ ಅಳತೆ ನಿನ್ನ ಮೈಕ್ರೋಮೀಟರಿಗೆ ಗೊತ್ತೇನ್ಲಾ? ಬ್ಲೇಡಿನ ಕಬ್ಬಿಣ ಎಷ್ಟು, ಗ್ರೀಸು ಎಷ್ಟು? ನನ್ನ ಹುಳಕ್ಕೂ ಹಾಕಲ್ಲ ಇದನ್ನ!"

ಅರ್ಧ ದಿನದ ಕೆಲಸ! ಮಣ್ಣಲ್ಲಿ ಹೂತು ಹಾಕಿಸಿದಳು, ಕೋಳಿ ತಿಂದೀತು ಅಂತ ಮೇಲೊಂದು ಕಲ್ಲು ಇಡಿಸಿದಳು. ಕೊನೆಗೆ ಡಾಕ್ಟರಮ್ಮನೇ ಬೆಂಗಳೂರಿನಲ್ಲಿ ಅಳತೆ ಮಾಡಿ ಕ್ಯಾಪ್ಸೂಲ್ ತುಂಬಿಕೊಡುವ ಒಂದು ಔಷಧಿ ಅಂಗಡಿಗೆ ಹೇಳಿದರು. ತಿಂಗಳಿಗೊಂದು ಸೀಲ್ ಮಾಡಿದ ಡಬ್ಬಿ, ಮೂವತ್ತು ಕ್ಯಾಪ್ಸೂಲು, ನನ್ನ ಅಂಗಡಿಯ ವಿಳಾಸಕ್ಕೆ ಬರತೊಡಗಿತು.

ಮುನ್ನೆಚ್ಚರಿಕೆಯ ಆ ಹಾಳೆಯನ್ನು ಅಕ್ಕ ಲ್ಯಾಮಿನೇಟ್ ಮಾಡಿಸಿ ಹುಳುಮನೆ ಬಾಗಿಲಿಗೆ ಹೊಡೆಸಿದಳು. ಹಾಲಿನವನಿಂದ ಹಿಡಿದು ಕರೆಂಟ್ ಬಿಲ್ಲಿನವನವರೆಗೆ ಬಂದವರೆಲ್ಲ ಅದನ್ನು ಓದಿಯೇ ಮುಂದೆ ಮಾತಾಡಬೇಕು. "ನಾಳೆ ನಾನೇನಾದ್ರೂ ದಾರೀಲಿ ಬಿದ್ದು ಎಚ್ಚರ ತಪ್ಪಿದ್ರೆ ಆಸ್ಪತ್ರೆಯೋರಿಗೆ ಹೇಳೋರು ಯಾರು? ಹತ್ತಿರ ಇದ್ದೋರು ತಾನೆ?" ಅನ್ನುವುದು ಅವಳ ವಾದ. ನನಗೆ ಫೋನಿನಲ್ಲೇ ಪರೀಕ್ಷೆ. ಮೋಟರಿನ ಒಳಗೆ ಎರಡೂ ಕೈ ಇಟ್ಟುಕೊಂಡಿರುತ್ತೇನೆ, ಆಗ ಫೋನು. "ಹೇಳು, ನನ್ನ ಔಷಧಿ ಹೆಸರೇನು?" "ನಾಲ್... ನಾಲ್ಟ್ರೆ..." "ನೋಡು, ನಾನು ಸತ್ತೆ!" ಅಂತ ಇಟ್ಟುಬಿಡುತ್ತಿದ್ದಳು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೂ ನಾನು ಇಷ್ಟು ಓದಿರಲಿಲ್ಲ!

ಅಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದಳು. "ಅಕ್ಕಯ್ಯಾ, ಕುಡಿತ ಬಿಡಿಸೋ ಮಾತ್ರೆ ಐತಂತಲ್ಲ ನಿನ್ನತ್ರ. ಎರಡು ಕೊಡು, ನಮ್ಮೋರ ಸಾರಿಗೆ ಕಲಸಿಬಿಡ್ತೀನಿ, ಗೊತ್ತಾಗಲ್ಲ."

"ಸಾರಿಗೆ ಉಪ್ಪು ಹಾಕೇ ಮೊದ್ಲು, ನಿಮ್ಮನೆ ಸಾರು ನಂಗೆ ಗೊತ್ತು!" ಅಂತ ಶುರು ಮಾಡಿದಳು ನಮ್ಮಕ್ಕ. "ಅವನಿಗೆ ಹೇಳ್ದೆ ಅವನ ಮೈಗೆ ಔಷಧಿ ಹಾಕೋಕೆ ನೀನ್ಯಾರೇ? ಮೊನ್ನೆ ತಾನೆ ಕಾಲು ಮುರ್ಕೊಂಡು ನೋವಿಗೆ ಇಂಜೆಕ್ಷನ್ ಹಾಕಿಸ್ಕೊಂಡಿದ್ದಾನೆ. ಅದರ ಮೇಲೆ ಇದು ಬಿದ್ರೆ ಏನಾಗುತ್ತೆ ಓದು ಅಲ್ಲಿ, ಆರನೇ ಸಾಲು!" ಓದಿಸಿಯೇ ಬಿಟ್ಟಳು. ಮಾರನೇ ದಿನ ಗಂಡ ಹೆಂಡತಿ ಇಬ್ಬರನ್ನೂ ಡಾಕ್ಟರ ಹತ್ತಿರ ಅಟ್ಟಿದಳು. ಅವನು ಈಗ ಕುಡಿಯುವುದಿಲ್ಲವಂತೆ. ಚಿಕಿತ್ಸೆಯಿಂದ ಅಂತ ಡಾಕ್ಟರು ಹೇಳುತ್ತಾರೆ. ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ "ಏನಪ್ಪಾ, ನಿನ್ನೆ?" ಅಂತ ಕೇಳುವ ನಮ್ಮಕ್ಕನ ಭಯದಿಂದ ಅಂತ ಅವನು ಹೇಳುತ್ತಾನೆ.

ಲಕ್ಕೂರಿನಲ್ಲಿ ಒಂದು ಮದುವೆ. ನಮ್ಮ ಕಡೆ ಹೆಂಗಸರ ಪದ್ಧತಿ ನಿಮಗೆ ಗೊತ್ತಲ್ಲ, ಊಟ ಆದಮೇಲೆ ಎಲೆ ಅಡಿಕೆ ಹಂಚಿಕೊಂಡ ಹಾಗೆ ಬ್ಯಾಗಿನಿಂದ ಮಾತ್ರೆ ಹಂಚಿಕೊಳ್ಳುತ್ತಾರೆ. "ಹಳದೀದು ಸೊಂಟಕ್ಕೆ, ಗುಲಾಬೀದು ಮಂಡಿಗೆ, ನಂಗೆ ಆಯ್ತು, ನೀನೂ ತಗೋ." ದೂರದ ಚಿಕ್ಕಮ್ಮ ಒಬ್ಬರು ಪಾಪ ಪ್ರೀತಿಯಿಂದ ನಮ್ಮಕ್ಕನಿಗೂ ಒಂದು ಚಾಚಿದರು. ಅಷ್ಟೇ! ಎಲ್ಲರ ಬ್ಯಾಗು ಕೆಳಗೆ ಸುರಿಸಿದಳು. ಒಂದೊಂದು ಶೀಟೂ ಎತ್ತಿ, ಕನ್ನಡಕದಲ್ಲಿ ಹೆಸರು ಓದಿ, "ಇದು ಯಾರು ಬರೆದುಕೊಟ್ಟಿದ್ದು? ಯಾವಾಗ? ಎಷ್ಟು ದಿನಕ್ಕೆ?" ಅಂತ ವಿಚಾರಣೆ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಸಾಲು ನಿಂತಿತ್ತು. ಗಂಡಿನ ಕಡೆ ಹಿರಿಯರೊಬ್ಬರು ಇದೇನೋ ಉಚಿತ ಆರೋಗ್ಯ ಶಿಬಿರ ಅಂದುಕೊಂಡು ಅಂಗಿ ತೋಳು ಮಡಿಸಿ ಬಿಪಿ ನೋಡಿಸಿಕೊಳ್ಳೋಕೆ ಬಂದು ಕೂತರು!

ಇನ್ನು ಕನಸು. ಮಾತ್ರೆ ನುಂಗುವುದು ಅವಳು, ತಲೆನೋವು ನಾಲ್ಕು ದಿನ ಅವಳಿಗೆ, ಹೊಟ್ಟೆ ತೊಳಸಿದ್ದು ಒಂದು ವಾರ ಅವಳಿಗೆ, ಒಪ್ಪುತ್ತೇನೆ. ಆದರೆ ಕನಸು? ಅದು ನೇರವಾಗಿ ನನ್ನ ಮೇಲೆ ಬಂತು! ಆಗ ಮಲಗುವ ಮುಂಚೆ ನುಂಗುತ್ತಿದ್ದಳು. ಮೊದಲನೇ ಕನಸಿನಲ್ಲಿ ನಾನು ಅವಳ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಕೊಯ್ದು ಎಮ್ಮೆಗೆ ಹಾಕಿದೆನಂತೆ. ನನಗೆ ಎಮ್ಮೆಯೇ ಇಲ್ಲ! ಎರಡನೆಯದರಲ್ಲಿ ಹುಳು ಗೂಡು ಕಟ್ಟುತ್ತಿದ್ದಾಗ ಒಳಗೆ ನುಗ್ಗಿ ಬ್ಯಾಂಡ್ ಸೆಟ್ಟು ಬಾರಿಸಿದೆನಂತೆ. ಮೂರನೆಯದು ಕೇಳಿ, ನಾನು ಶ್ರೀನಿವಾಸಪುರದ ತಹಶೀಲ್ದಾರ್ ಆಗಿದ್ದೆ. ಅಕ್ಕ ಏನೋ ಅರ್ಜಿ ಹಿಡಿದು ಬಂದರೆ ಗುರುತೇ ಇಲ್ಲದವನ ಹಾಗೆ "ಲೈನಲ್ಲಿ ನಿಂತ್ಕೊಳಮ್ಮಾ" ಅಂದೆನಂತೆ. ಇದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

"ಅಕ್ಕಾ, ಅದು ನಾನಲ್ಲ, ನಿನ್ನ ಮಾತ್ರೆ!"

"ಮಾತ್ರೆಗೆ ನಿನ್ನ ಮೀಸೆ ಎಲ್ಲಿಂದ ಬಂತೋ?"

ಕ್ಷಮೆ ಕೇಳಿದೆ. ಏನು ಮಾಡಲಿ? ತಹಶೀಲ್ದಾರ್ ಆಗಿದ್ದೆ ಅನ್ನುವುದೊಂದೇ ಸಮಾಧಾನ. ಡಾಕ್ಟರಮ್ಮನಿಗೆ ಹೇಳಿದ ಮೇಲೆ ಅವರು ಮಾತ್ರೆಯನ್ನು ಬೆಳಿಗ್ಗೆ ಹೊತ್ತಿಗೆ ಬದಲಾಯಿಸಿದರು. ಕನಸು ನಿಂತಿತು. ಡೋಸೂ ನಿಧಾನಕ್ಕೆ ಒಂದೂವರೆಯಿಂದ ಮೂರು ಮಿಲಿಗ್ರಾಮ್ ಆಯಿತು.

ಆದರೆ ನೋವು? ಅದರ ಬಗ್ಗೆ ಮಾತ್ರ ಬಾಯಿ ಬಿಡಳು. "ಹೇಗಿದೆಯಕ್ಕಾ, ಏನಾದ್ರೂ ಕಮ್ಮಿ?" ಅಂದರೆ, "ಗೂಡು ಕಟ್ಟೋ ಮುಂಚೆ ಗೂಡು ಎಣಿಸ್ತಾರೇನೋ? ಮೂರು ತಿಂಗಳಾಗ್ಲಿ" ಅನ್ನುತ್ತಿದ್ದಳು. ಭಾವನನ್ನು ಪಕ್ಕಕ್ಕೆ ಕರೆದು ಕೇಳಿದರೆ "ಹೂಂ" ಅಂದರು. ಕಮ್ಮಿ ಅನ್ನುವ ಹೂಂ ಅಲ್ಲ, ಕೇಳಿಸಿತು ಅನ್ನುವ ಹೂಂ. ಹಾಗೇ ಮೂರನೇ ಡಬ್ಬಿ ಬಂತು. ಕೊನೆಯದು. ಇದರಲ್ಲೂ ಏನೂ ಆಗದಿದ್ದರೆ ನಿಲ್ಲಿಸುವುದು ಅಂತ ಮಾತಾಗಿತ್ತಲ್ಲ. ಆಮೇಲೇನು? ಇನ್ನು ಉಳಿದಿರುವಷ್ಟು ವರ್ಷ ಸ್ಟೂಲಿನ ಮೇಲೆ ಕೂತು, "ಅಲ್ಲೇ ನಿಂತ್ಕೋ" ಅಂತ ಎಲ್ಲರಿಗೂ ಹೇಳಿಕೊಂಡು ಇರುವುದಾ? ಡಬ್ಬಿ ನನ್ನ ಮೇಜಿನ ಮೇಲಿತ್ತು. ನೋಡಿದಷ್ಟೂ ನನಗೆ ಅದರ ಮೇಲೆ ಸಿಟ್ಟು ಬರುತ್ತಿತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಹೇಳೋಕೆ ನನಗೇ ಇಷ್ಟವಿಲ್ಲ. ಒಂದು ತಿಂಗಳ ಹಿಂದೆ ಹದಿನೈದು ಎಚ್‌ಪಿ ಮೋಟರನ್ನು ಒಬ್ಬನೇ ಎತ್ತೋಕೆ ಹೋಗಿ ನನ್ನ ಸೊಂಟ ಹಿಡಿದುಕೊಂಡಿತ್ತು. ಬೇರೊಬ್ಬ ಡಾಕ್ಟರು ಐದು ದಿನಕ್ಕೆ ಅಂತ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ಐದು ದಿನಕ್ಕೆ ನೋವು ಹೋಗಲಿಲ್ಲ. ಅದೇ ಚೀಟಿ ತೋರಿಸಿ ತೋರಿಸಿ ನಾಲ್ಕು ವಾರ ದಿನಕ್ಕೆರಡು ನುಂಗುತ್ತಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ಹೇಳಿದರೆ ನನ್ನ ಬ್ಯಾಗೂ ಸುರಿಸುತ್ತಾಳಲ್ಲ!

ಆವತ್ತು ಬೆಳಿಗ್ಗೆ ಡಬ್ಬಿ ಕೊಡೋಕೆ ಸುಗಟೂರಿಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಟೀ ಹಿಡಿದು ನಿಂತಿದ್ದಾಗ ತಲೆಯಲ್ಲಿ ಒಂದು ಯೋಚನೆ ಬಂತು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಮೋಟರನ್ನು ಟೆಸ್ಟ್ ಮಾಡದೆ ನಾನು ಗಿರಾಕಿಯ ಕೈಗೆ ಕೊಟ್ಟಿಲ್ಲ. ಈ ಔಷಧಿಯನ್ನು ಎರಡು ತಿಂಗಳಿಂದ ಟೆಸ್ಟ್ ಮಾಡದೆ ಸ್ವಂತ ಅಕ್ಕನಿಗೆ ಕೊಡುತ್ತಿದ್ದೇನಲ್ಲ! ನನಗೂ ಸೊಂಟನೋವಿದೆ. ಒಂದು ನುಂಗಿ ನೋಡಿದರೆ ಕೆಲಸ ಮಾಡುತ್ತೋ ಇಲ್ಲವೋ ತಿಳಿದೇ ಹೋಗುತ್ತೆ. ಸೀಲ್ ಒಡೆದೆ. ಒಂದು ಬಾಯಿಗೆ ಹಾಕಿ ಟೀ ಕುಡಿದೆ. ಮೂರು ಮಿಲಿಗ್ರಾಮ್, ಇರುವೆಗೂ ಸಾಲದ್ದು!

ಅಫೀಮಿನ ಜಾತಿಯ ನೋವಿನ ಮಾತ್ರೆ ಜೊತೆಗೆ ಕೂಡದು ಅನ್ನುವ ಆರನೇ ಸಾಲು ನೆನಪಾಗಲಿಲ್ಲವೇ ಅಂತ ಕೇಳುತ್ತೀರಿ. ಕಂಠಪಾಠ ಮಾಡಿದ್ದೆ ಸ್ವಾಮಿ. ಆದರೆ ಅದು ಅಕ್ಕನಿಗೆ ಬರೆದದ್ದು, ನನಗಲ್ಲ ಅಂತ ನನ್ನ ತಿಳುವಳಿಕೆ!

ಅರ್ಧ ದಾರಿಯಲ್ಲಿ ಆಕಳಿಕೆ ಶುರುವಾಯಿತು. ಒಂದಲ್ಲ, ಎರಡಲ್ಲ, ದವಡೆ ಕಳಚುವ ಹಾಗೆ. ಮೂಗಲ್ಲಿ ನೀರು, ಕಣ್ಣಲ್ಲಿ ನೀರು. ಚಳಿ ಇಲ್ಲ, ಮೈಮೇಲೆ ಮುಳ್ಳು ಎದ್ದಿದೆ. ಬೆವರು ಅಂದರೆ ಅಂಗಿ ಹಿಂಡುವಷ್ಟು. ಸೊಂಟನೋವು ಹೋಗುವುದಿರಲಿ, ಇಷ್ಟು ದಿನ ಮಲಗಿದ್ದ ನೋವೆಲ್ಲ ಒಟ್ಟಿಗೆ ಎದ್ದು ಕೂತಿತು. ಸುಗಟೂರಿನಲ್ಲಿ ಇಳಿದು ಅಕ್ಕನ ಮನೆ ಬೇಲಿಗೆ ಬರುವಷ್ಟರಲ್ಲಿ ಎರಡು ಸಲ ವಾಂತಿ. ಹೊಟ್ಟೆಯಲ್ಲಿ ಯಾರೋ ತಂತಿ ಸುತ್ತಿ ಬಿಗಿಯುತ್ತಿದ್ದ ಹಾಗೆ.

ಅಕ್ಕ ಮೊದಲು ನನ್ನನ್ನು ನೋಡಿದಳು, ಆಮೇಲೆ ಡಬ್ಬಿ ನೋಡಿದಳು.

"ಸೀಲ್ ಯಾರು ಒಡೆದಿದ್ದು?"

ನಾನು ಆಕಳಿಸಿದೆ.

ತಟ್ಟೆಗೆ ಸುರಿದು ಎಣಿಸಿದಳು. ಹುಳು ಎಣಿಸುವ ಕಣ್ಣು ಅವಳದು. "ಇಪ್ಪತ್ತೊಂಬತ್ತು. ಇನ್ನೊಂದೆಲ್ಲೋ?"

"ಟೆಸ್ಟ್... ಟೆಸ್ಟ್ ಮಾಡೋಣ ಅಂತ..."

"ಬೇರೆ ಏನು ತಗೊತಿದ್ದೀಯ? ಸುಳ್ಳು ಹೇಳಿದ್ರೆ ಇಲ್ಲೇ ಹೂತಾಕ್ತೀನಿ. ನೋವಿಗೆ ಏನಾದ್ರೂ ತಗೊತಿದ್ದೀಯಾ?"

"ಟ್ರಮಡಾಲ್" ಅಂದೆ. ನೋಡಿ, ಅದರ ಹೆಸರು ಮಾತ್ರ ತಡವರಿಸದೆ ಬಂತು!

ಅವಳ ಮುಖ ಬಿಳಿಚಿಕೊಂಡಿತು. ಅಷ್ಟೇ, ಅರ್ಧ ಕ್ಷಣ. ಆಮೇಲೆ ಎಷ್ಟು ದಿನದಿಂದ, ಇವತ್ತು ಎಷ್ಟು ಗಂಟೆಗೆ ಅಂತ ಅವಳು ನನ್ನ ಬಾಯಿ ಬಿಡಿಸಿದ್ದು, ಭಾವ ಆಟೋ ತಂದದ್ದು, ನನ್ನನ್ನು ಹಿಡಿದು ಕೂರಿಸಿದ್ದು, ಅಕ್ಕ ಮುಂದೆ ಡ್ರೈವರನ ಪಕ್ಕ ಕೂತು ಕೋಲಾರದವರೆಗೆ ಗುಂಡಿಗುಂಡಿಗೂ ಅವನಿಗೆ ಬೈದದ್ದು, ಎಲ್ಲ ನನಗೆ ಮಸಕು ಮಸಕು. ಆಸ್ಪತ್ರೆಯಲ್ಲಿ ನಾನು ಹೊಟ್ಟೆ ಹಿಡಿದು ಹೊರಳುವುದನ್ನು ನೋಡಿ ಡ್ಯೂಟಿ ಡಾಕ್ಟರು ನರ್ಸಿಗೆ ನೋವಿನ ಇಂಜೆಕ್ಷನ್ ಅಂತ ಏನೋ ಹೆಸರು ಹೇಳಿದರು. "ನಿಲ್ಸಿ!" ಅಂತ ನಮ್ಮಕ್ಕ ಕೂಗಿದ ಸದ್ದಿಗೆ ಪಕ್ಕದ ಮಂಚದ ರೋಗಿ ಎದ್ದು ಕೂತ. "ಅಫೀಮಿನ ಜಾತಿಯದ್ದು ಹಾಕ್ಬೇಡಿ. ನಾಲ್ಕು ವಾರದಿಂದ ಟ್ರಮಡಾಲ್ ನುಂಗಿದ್ದಾನೆ. ಇವತ್ತು ಎಂಟು ಗಂಟೆಗೆ ಮೂರು ಮಿಲಿಗ್ರಾಮ್ ನಾಲ್ಟ್ರೆಕ್ಸೋನ್ ಹಾಕ್ಕೊಂಡಿದ್ದಾನೆ. ಬಾಗಿಲು ಮುಚ್ಚಿದೆ, ಈಗ ನೀವು ಹೊರಗಿಂದ ಎಷ್ಟು ತಟ್ಟಿದ್ರೂ ಪ್ರಯೋಜನ ಇಲ್ಲ, ಜಾಸ್ತಿ ಹಾಕಿದ್ರೆ ಅಪಾಯ."

ಡಾಕ್ಟರು ಸಿರಿಂಜು ಕೆಳಗಿಡಿಸಿದರು. "ನೀವು ನರ್ಸಾ ಅಮ್ಮಾ?"

"ಅಲ್ಲ, ರೇಷ್ಮೆ ಹುಳ ಸಾಕ್ತೀನಿ."

ಡ್ರಿಪ್ಪು ಹಾಕಿದರು, ವಾಂತಿಗೆ ಬೇರೆ ಔಷಧಿ ಕೊಟ್ಟರು. ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ನಡುಕ ನಿಂತು ನಾನು ದಿಂಬಿಗೆ ಒರಗಿ ಕೂತೆ. ಡಾಕ್ಟರು ಬಂದು, ಇನ್ನು ಭಯ ಇಲ್ಲ, ಟ್ರಮಡಾಲನ್ನು ಹೇಗೆ ಬಿಡಬೇಕು ಅಂತ ನಾವೇ ಹೇಳ್ತೀವಿ, ಅಮ್ಮ ಸರಿಯಾಗಿ ಹೇಳದೆ ಇದ್ದಿದ್ದರೆ ಕಷ್ಟ ಆಗ್ತಿತ್ತು ಅಂದು ಹೋದರು. ಅವರು ಅತ್ತ ಹೋದದ್ದೇ ಅಕ್ಕ ಮಂಚದ ಹತ್ತಿರ ಬಂದಳು.

"ಯಾಕೋ ನುಂಗಿದೆ?"

"ನೀನು ಏನೂ ಹೇಳ್ತಿರ್ಲಿಲ್ಲ" ಅಂದೆ. ನನಗೂ ಸಿಟ್ಟು ಬಂದಿತ್ತು. "ಕೊನೇ ಡಬ್ಬಿಯೂ ಬಂತು. ನಿನಗೆ ಅದು ಹತ್ತುತ್ತೋ ಇಲ್ವೋ ಅಂತ ಯಾರು ನನಗೆ ಹೇಳೋರು? ಡಾಕ್ಟರು ಅಂದ್ಕೊಂಡಿದ್ದೀವಿ ಅಂತಾರೆ, ಭಾವ ಹೂಂ ಅಂತಾರೆ, ನೀನು ಗೂಡು ಅಂತೀಯ. ನಾನು ನುಂಗಿ ನೋಡ್ದೆ. ಏನಾಗ್ತಿತ್ತು, ಹೆಚ್ಚಂದ್ರೆ..."

ಮಾತು ಮುಗಿಯಲಿಲ್ಲ. ಫಟಾರ್ ಅಂತ ಕೆನ್ನೆಗೆ ಬಿತ್ತು.

ಸುಮ್ಮನೆ ತಟ್ಟಿದ್ದಲ್ಲ ಅದು. ಅಂಗೈ ಪೂರ್ತಿ ಬಿಚ್ಚಿ, ಭುಜದಿಂದ ಬೀಸಿ ಕೊಟ್ಟದ್ದು. ವಾರ್ಡೆಲ್ಲ ತಿರುಗಿತು. ನನ್ನ ಕಿವಿಯಲ್ಲಿ ಮೋಟರು ಓಡುವ ಸದ್ದು. "ಹೆಚ್ಚಂದ್ರೆ ಏನೋ? ಸಾಯ್ತಿದ್ದೆ, ಅಷ್ಟೇನಾ? ಆಮೇಲೆ ನನಗ್ಯಾರೋ ಇದ್ದಾರೆ..." ಅಂತ ಕೂಗುತ್ತಾ ಇದ್ದವಳು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದಳು. ಹೊಡೆದ ಕೈಯನ್ನು ತನ್ನ ಮುಖದ ಮುಂದೆ ತಂದು ನೋಡಿಕೊಂಡಳು. ಮುಂದೆ ತಿರುಗಿಸಿ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು. ಬಾಗಿಲ ಹತ್ತಿರ ಕೂತಿದ್ದ ಭಾವ ಎದ್ದು ನಿಂತರು.

"ಉರೀತಿದೆಯಾ?" ಅಂದರು ಭಾವ. ಎಷ್ಟೋ ವರ್ಷದ ಮೇಲೆ ಅವರ ಬಾಯಿಂದ ಬಂದ ಪೂರ್ತಿ ಮಾತು ಅದು.

ಅಕ್ಕ ಯೋಚನೆ ಮಾಡಿದಳು. ಅವಳು ಯಾವುದನ್ನೂ ನೋಡದೆ ಹೇಳುವವಳಲ್ಲ. "ಉರೀತಿದೆ" ಅಂದಳು. ಆಮೇಲೆ ತೀರಾ ಮೆಲ್ಲಗೆ, "ಒಂದೇಟು ಹೊಡೆದ್ರೆ ಎಷ್ಟು ಉರೀಬೇಕೋ, ಅಷ್ಟೇ."

ಅವಳ ಕಣ್ಣು ತುಂಬಿಕೊಂಡಿತ್ತು, ನನಗೆ ಕೆನ್ನೆ ಚುರುಗುಟ್ಟುತ್ತಿತ್ತು. ಎಂಟು ವರ್ಷವಾಗಿತ್ತು ನಮ್ಮಕ್ಕನ ಕೈ ನನ್ನ ಮೈಗೆ ತಾಗಿ.

ನಾನು ಇನ್ನೊಂದು ಕೆನ್ನೆ ತಿರುಗಿಸಿ ಕೂತೆ. "ಇನ್ನೊಂದು ಹೊಡಿ ಅಕ್ಕಾ" ಅಂದೆ.